ಊಟಕ್ಕೆಲ್ಲಿ? ಖಾನಾವಳಿಗೆ ಹೋಗ್ರಿ!

ಜಮಖಂಡಿಯ ರಾಮತೀರ್ಥದ ಗುಡ್ಡ ಇಳಿದು ಬಸ್ ನಿಲ್ದಾಣ ತಲುಪುವಷ್ಟರಲ್ಲಿ ಮಧ್ಯಾಹ್ನ ಒಂದೂವರೆ. ಪಟವರ್ಧನ ಅರಸರ ಹಳೆಯ ಅರಮನೆಯನ್ನು ಕಣ್ತುಂಬ ನೋಡಿಯಾಗಿದೆ. ಇನ್ನು ಹೊಟ್ಟೆಯ ಪಾಡು. ಪರಊರಿನವರು ಇಂಥ ಹೊತ್ತಿನಲ್ಲಿ ಕೇಳುವುದು ಒಂದೇ ಪ್ರಶ್ನೆ: ‘ಇಲ್ಲಿ ಒಳ್ಳೆಯ ಹೋಟೆಲ್ ಎಲ್ಲಿದೆ?’ ಊರಿನವರು ಒಂದು ಕ್ಷಣ ತಡೆದು ಮರುಪ್ರಶ್ನೆ ಹಾಕುತ್ತಾರೆ: ‘ಚಾ ಕುಡಿಯಾಕೇನ್ರಿ, ಊಟಕ್ಕೇನ್ರಿ?’

ಈ ಮರುಪ್ರಶ್ನೆಯಲ್ಲಿ ಅರ್ಥವಿದೆ. ಹಿಂದೆ ಮುಂಬೈ ಕರ್ನಾಟಕ ಎನಿಸಿ, 2021ರಿಂದ ಕಿತ್ತೂರು ಕರ್ನಾಟಕ ಎಂದು ಹೆಸರಾದ ಈ ಭಾಗದಲ್ಲಿ ಹೋಟೆಲು ಬೇರೆ, ಖಾನಾವಳಿ ಬೇರೆ. ಹೋಟೆಲಿನಲ್ಲಿ ಚಹಾ, ಇಡ್ಲಿ, ಮಿರ್ಚಿ ಭಜಿ. ಊಟವೆಂದರೆ ಖಾನಾವಳಿ. ವರದಿಗಾರಿಕೆಗೆಂದು ಈ ಕಡೆ ಬಂದ ಹೊಸತರಲ್ಲಿ ಇದು ತಿಳಿಯದೆ ಒಂದು ಹೋಟೆಲಿನಲ್ಲಿ ಕುಳಿತು ‘ಊಟ ಏನಿದೆ?’ ಎಂದು ಕೇಳಿದ್ದೆ. ಮಾಣಿ ನನ್ನನ್ನು ಕರುಣೆಯಿಂದ ನೋಡಿ, ಎದುರಿನ ಸಂದಿ ತೋರಿಸಿದ. ಆ ಸಂದಿಯಲ್ಲಿ ಬೋರ್ಡು ಕೂಡ ಸರಿಯಾಗಿ ಕಾಣದ ಒಂದು ಮನೆ. ಒಳಗಿನಿಂದ ಟಪ್ ಟಪ್ ಎಂದು ರೊಟ್ಟಿ ಬಡಿಯುವ ಸದ್ದು. ಅಂದಿನಿಂದ ಈ ಊರುಗಳಲ್ಲಿ ನನಗೆ ದಾರಿ ತೋರಿಸುತ್ತಿರುವುದು ಬೋರ್ಡಲ್ಲ, ಆ ಸದ್ದು.

ಬಾಗಲಕೋಟೆ ಜಿಲ್ಲೆಗೆ ಬರುವ ಪ್ರವಾಸಿಗರು ಸಾಮಾನ್ಯವಾಗಿ ಬಾದಾಮಿ, ಐಹೊಳೆ, ಪಟ್ಟದಕಲ್ಲು ನೋಡಿ ವಿಜಯಪುರದ ಗೋಳಗುಮ್ಮಟಕ್ಕೆ ಹೋಗಿಬಿಡುತ್ತಾರೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ದಾರಿಯಿಂದ ಪಕ್ಕಕ್ಕೆ ಉಳಿಯುತ್ತವೆ. ಆದರೆ ಇತಿಹಾಸಕ್ಕೇನೂ ಇಲ್ಲಿ ಬರವಿಲ್ಲ. ಜಮಖಂಡಿ 1811ರಿಂದ ಪಟವರ್ಧನರ ಸಂಸ್ಥಾನ. ಮುಧೋಳ ಘೋರ್ಪಡೆ ಅರಸರದು. ಎರಡೂ 1948ರ ಮಾರ್ಚಿನಲ್ಲಿ ಮುಂಬೈ ಪ್ರಾಂತದಲ್ಲಿ ವಿಲೀನವಾದವು. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದವು. ಜಮಖಂಡಿ ಸಂಸ್ಥಾನದಲ್ಲಿ ಮಂತ್ರಿಯಾಗಿದ್ದ ಸಾವಳಗಿಯ ಬಿ.ಡಿ. ಜತ್ತಿ ಮುಂದೆ ಮೈಸೂರಿನ ಮುಖ್ಯಮಂತ್ರಿಯಾದರು, ದೇಶದ ಉಪರಾಷ್ಟ್ರಪತಿಯಾದರು, 1977ರಲ್ಲಿ ಕೆಲವು ತಿಂಗಳು ಹಂಗಾಮಿ ರಾಷ್ಟ್ರಪತಿಯೂ ಆಗಿದ್ದರು. ಹತ್ತನೆಯ ಶತಮಾನದಲ್ಲಿ ಬಳೆಗಾರರ ಮನೆಯಲ್ಲಿ ಹುಟ್ಟಿ ಕವಿಚಕ್ರವರ್ತಿಯಾದ ರನ್ನ ಮುಧೋಳದವನು. ಭೀಮನನ್ನು ನಾಯಕನನ್ನಾಗಿ ಮಾಡಿ ಕಾವ್ಯ ಬರೆದ ಕವಿಯ ಊರಿನಲ್ಲಿ ಊಟ ಕಡಿಮೆ ಬೀಳಬಾರದು, ಅಲ್ಲವೇ? ಹತ್ತಿರದ ತೇರದಾಳದಲ್ಲಿ 1123ರ ಗೊಂಕ ಜಿನಾಲಯವಿದೆ.

ಇಷ್ಟು ಹಳೆಯ ಊರುಗಳಲ್ಲಿ ಅಷ್ಟೇ ಹಳೆಯದೊಂದು ಊಟದ ಅಂಗಡಿ ಏಕಿಲ್ಲ? ಇಂಗ್ಲೆಂಡಿನಲ್ಲಿ ಇಂಥ ಪ್ರಶ್ನೆಗೆ ಉತ್ತರ ಸುಲಭ. ಲಂಡನ್ನಿನ ಸದರ್ಕ್‌ನಲ್ಲಿ ಜಾರ್ಜ್ ಇನ್ ಎಂಬ ಪ್ರವಾಸಿ ತಂಗುದಾಣವಿದೆ. ಬೆಂಕಿಗೆ ಆಹುತಿಯಾದ ಮೇಲೆ 1677ರಲ್ಲಿ ಮತ್ತೆ ಕಟ್ಟಿದ್ದು. ಕುದುರೆಗಾಡಿಯಲ್ಲಿ ಬಂದವರು ಅಲ್ಲಿ ಇಳಿದು ದುಡ್ಡು ಕೊಟ್ಟು ಉಣ್ಣುತ್ತಿದ್ದರು. ಈಗ ಅದು ಸ್ಮಾರಕಗಳನ್ನು ಕಾಯುವ ನ್ಯಾಷನಲ್ ಟ್ರಸ್ಟ್ ಸಂಸ್ಥೆಯ ಆಸ್ತಿ. ಅಂಥ ಪೇಟೆಗೆ ಹೋದವರಿಗೆ ಊಟದ ಮನೆಯೇ ನೋಡತಕ್ಕ ಕಟ್ಟಡ.

ನಮ್ಮಲ್ಲಿ ಹಾಗಾಗಲಿಲ್ಲ. ಅನ್ನವನ್ನು ಮಾರಬಾರದು ಎಂಬ ನಂಬಿಕೆ ಬಲವಾಗಿತ್ತು. ದಾರಿಹೋಕರಿಗೆ ಛತ್ರ, ಭಕ್ತರಿಗೆ ಮಠದ ದಾಸೋಹ, ಬಸದಿಗಳಲ್ಲಿ ಮುನಿಗಳಿಗೆ ಆಹಾರದಾನ. ಇವಕ್ಕಾಗಿ ಹೊಲ ಬಿಟ್ಟುಕೊಟ್ಟ ಮಾತು ಕನ್ನಡ ನಾಡಿನ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಓದಲು ಪಟ್ಟಣಕ್ಕೆ ಬಂದ ಬಡ ಹುಡುಗರಿಗೆ ವಾರಾನ್ನವಿತ್ತು: ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಉಳಿದವರು ಬುತ್ತಿ ಕಟ್ಟಿಕೊಂಡು ಬರುತ್ತಿದ್ದರು. ಖಡಕ್ ರೊಟ್ಟಿ, ಶೇಂಗಾ ಹಿಂಡಿ ಇದ್ದರೆ ವಾರದ ಪ್ರಯಾಣಕ್ಕೂ ಚಿಂತೆಯಿಲ್ಲ.

ಇದಕ್ಕೆ ಇನ್ನೊಂದು ಮುಖವೂ ಇತ್ತು. ಯಾರ ಕೈಯಡಿಗೆ ಯಾರು ಉಣ್ಣಬೇಕು, ಯಾರ ಪಂಕ್ತಿಯಲ್ಲಿ ಯಾರು ಕೂಡಬೇಕು ಎಂಬ ಕಟ್ಟು. ಆದ್ದರಿಂದಲೇ ದುಡ್ಡಿನ ಊಟ ಬಂದಾಗ ಅದು ಜಾತಿಯ ಹೆಸರು ಹೊತ್ತೇ ಬಂತು. ‘ಲಿಂಗಾಯತ ಖಾನಾವಳಿ’ ಎಂಬ ಬೋರ್ಡನ್ನು ದಕ್ಷಿಣದಿಂದ ಬಂದವರು ಅಚ್ಚರಿಯಿಂದ ಓದುತ್ತಾರೆ. ಇಂದು ಅದರ ಅರ್ಥ ಇಷ್ಟೇ: ಇಲ್ಲಿ ಶಾಕಾಹಾರ, ಜೋಳದ ರೊಟ್ಟಿ. ಆದರೆ ಬೋರ್ಡು ಮೊದಲು ಬರೆದ ಕಾಲದಲ್ಲಿ ಅದು ಅಡಿಗೆ ಮಾಡುವವರು ಯಾರೆಂದು ಹೇಳುತ್ತಿತ್ತು. ಯಾರು ಒಳಗೆ ಬರಬಾರದು ಎಂಬುದನ್ನು ಹೇಳದೆಯೇ ತಿಳಿಸುತ್ತಿತ್ತು. ದಲಿತರಿಗೆ ಚಹಾ ಬೇರೆ ಕಪ್ಪಿನಲ್ಲಿ, ಅದೂ ಹೊರಗೆ ನಿಂತು. ಸಂವಿಧಾನದ 15ನೆಯ ವಿಧಿಯ ಎರಡನೆಯ ಭಾಗ ಅಂಗಡಿ, ಸಾರ್ವಜನಿಕ ಉಪಾಹಾರಗೃಹ, ಹೋಟೆಲುಗಳನ್ನು ಹೆಸರಿಸಿಯೇ ಪ್ರವೇಶದ ಹಕ್ಕನ್ನು ಹೇಳಿರುವುದು ಇದಕ್ಕಾಗಿ. ಬಾವಿ, ಕೆರೆ, ರಸ್ತೆಗಳ ಜೊತೆಗೆ ಊಟದ ಅಂಗಡಿಗೂ ಸಂವಿಧಾನದಲ್ಲಿ ಜಾಗ ಬೇಕಾಯಿತೆಂದರೆ ನಮ್ಮ ಊಟದ ಇತಿಹಾಸ ಎಂಥದೆಂದು ಊಹಿಸಬಹುದು. ಅದು ಜಾರಿಗೆ ಬಂದದ್ದು 1950ರಲ್ಲಿ, ಅಸ್ಪೃಶ್ಯತೆಯನ್ನು ದಂಡನೀಯ ಅಪರಾಧವಾಗಿಸಿದ ಕೇಂದ್ರ ಕಾನೂನು 1955ರಲ್ಲಿ. ಹಳ್ಳಿಯ ಚಾದಂಗಡಿಗಳ ಕುರಿತ ದೂರುಗಳು ಆಮೇಲೂ ನಿಂತಿಲ್ಲ ಎಂಬುದಕ್ಕೆ ಪತ್ರಿಕೆಗಳೇ ಸಾಕ್ಷಿ.

ಖಾನಾವಳಿ ಎಂಬ ಪದ ಮರಾಠಿಯ ‘ಖಾಣಾವಳ’ದಿಂದ ಬಂದದ್ದು. ಮುಂಬೈಯ ಗಿರಣಿಗಳಿಗೆ ಊರು ಬಿಟ್ಟು ಬಂದ ಗಂಡಸರಿಗೆ ಚಾಳಿನ ಹೆಂಗಸರು ತಮ್ಮ ಮನೆಯಲ್ಲೇ ತಿಂಗಳ ಲೆಕ್ಕದಲ್ಲಿ ಅಡಿಗೆ ಮಾಡಿ ಬಡಿಸುತ್ತಿದ್ದರು. ಅಂಥ ಹೆಂಗಸರನ್ನು ಸಂಘಟಿಸಿ, ಬ್ಯಾಂಕಿನ ಸಾಲ ಸಿಗುವಂತೆ ಮಾಡಲು ಪ್ರೇಮಾ ಪುರವ್ ಅವರು 1975ರಲ್ಲಿ ಅನ್ನಪೂರ್ಣಾ ಮಹಿಳಾ ಮಂಡಳ ಸ್ಥಾಪಿಸಿದರು. ನಮ್ಮ ಕಡೆಯ ಖಾನಾವಳಿಗೂ ಗಿರಾಕಿಗಳು ಇಂಥವರೇ: ಒಂಟಿಯಾಗಿರುವ ಗುಮಾಸ್ತರು, ಶಾಲೆ ಮಾಸ್ತರರು, ಕೋರ್ಟಿಗೆ ಅಲೆಯುವ ರೈತರು, ಬಸ್ಸಿನ ಡ್ರೈವರು-ಕಂಡಕ್ಟರು. ಪ್ರವಾಸಿ ಇವರ ಲೆಕ್ಕದಲ್ಲೇ ಇರಲಿಲ್ಲ. ಹೀಗಾಗಿಯೇ ಇವತ್ತಿಗೂ ಅಲ್ಲಿ ಅಲಂಕಾರವಿಲ್ಲ, ತಿಂಡಿಗಳ ಪಟ್ಟಿ ಇಲ್ಲ. ನೀವು ಕುಳಿತರೆ ಸಾಕು, ತಾಟು ಬರುತ್ತದೆ.

ತಾಟಿನಲ್ಲಿ ಏನಿರುತ್ತದೆಂದು ಸ್ವಲ್ಪ ನಿಧಾನವಾಗಿ ನೋಡೋಣ. ಎರಡು ಜೋಳದ ರೊಟ್ಟಿ. ಒಂದು ಕಾಳಿನ ಪಲ್ಯ, ಮಡಿಕೆಯೋ ಹೆಸರೋ ಅಲಸಂದಿಯೋ. ಒಂದು ಕಾಯಿಪಲ್ಯ, ಅದೃಷ್ಟವಿದ್ದರೆ ಎಣ್ಣೆಗಾಯಿ. ಎಳೆಯ ಬದನೆಯನ್ನು ನಾಲ್ಕಾಗಿ ಸೀಳಿ, ತೊಟ್ಟು ಬಿಡಿಸದೆ, ಶೇಂಗಾ, ಗುರೆಳ್ಳು, ಹುಣಸೆ, ಬೆಲ್ಲ, ಮಸಾಲೆ ಖಾರ ತುಂಬಿ ಬೇಯಿಸಿದ್ದು. ಅಂಚಿಗೆ ಶೇಂಗಾ ಚಟ್ನಿ ಅಥವಾ ಅಗಸಿ ಚಟ್ನಿ, ಮೇಲೊಂದಿಷ್ಟು ಎಣ್ಣೆ ಇಲ್ಲವೆ ಮೊಸರು. ಹಸಿ ಉಳ್ಳಾಗಡ್ಡಿ, ಮೆಂತ್ಯ ಸೊಪ್ಪು, ಕೆಲವು ಕಡೆ ಹಕ್ಕರಿಕೆ ಸೊಪ್ಪು. ಕೊನೆಗೆ ಅನ್ನ, ಬ್ಯಾಳಿ ಸಾರು, ಮಜ್ಜಿಗೆ. ಪುಂಡಿಪಲ್ಯ, ಜುಣಕ ಇದ್ದ ದಿನ ನೀವು ಕೇಳದಿದ್ದರೂ ಪಕ್ಕದವರು ‘ಅದನ್ನ ಹಾಕಿಸ್ಕೊಳ್ರಿ’ ಎಂದು ಹೇಳಿಬಿಡುತ್ತಾರೆ.

ಇದು ಯಾರೋ ಕುಳಿತು ಯೋಚಿಸಿ ಮಾಡಿದ ಜೋಡಣೆಯಲ್ಲ. ಎರೆಹೊಲದಲ್ಲಿ ಬೆಳೆದದ್ದೇ ತಾಟಿಗೆ ಬಂದಿದೆ. ಮುಂಗಾರು ಮಳೆಯ ನೀರನ್ನು ಹಿಡಿದಿಟ್ಟುಕೊಳ್ಳುವ ಕಪ್ಪು ಮಣ್ಣು ಇಲ್ಲಿಯದು. ಸೆಪ್ಟೆಂಬರ್-ಅಕ್ಟೋಬರ್ ಹೊತ್ತಿಗೆ ಬಿತ್ತಿದ ಹಿಂಗಾರಿ ಜೋಳ ಆ ತೇವದಲ್ಲೇ, ಚಳಿಗಾಲದ ಇಬ್ಬನಿಯಲ್ಲೇ ಬೆಳೆದು ಫೆಬ್ರವರಿ-ಮಾರ್ಚಿಗೆ ಕೊಯ್ಲಿಗೆ ಬರುತ್ತದೆ. ಜೋಳದ ಸಾಲುಗಳ ನಡುವೆ, ಅಂಚಿನಲ್ಲಿ ಕಡಲೆ, ಕುಸುಬಿ, ಅಗಸಿ. ಮುಂಗಾರಿಗೆ ಹೆಸರು, ಮಡಿಕೆ, ಗುರೆಳ್ಳು, ಶೇಂಗಾ. ಕುಸುಬಿಯಿಂದ ಅಡಿಗೆ ಎಣ್ಣೆ, ಕಡಲೆ ಹಿಟ್ಟಿನಿಂದ ಜುಣಕ, ಅಗಸಿಯಿಂದ ಚಟ್ನಿ. ಒಂದು ಹೊಲದ ವರ್ಷದ ಲೆಕ್ಕವೇ ಒಂದು ತಾಟು.

ಆದರೆ ಮುಧೋಳದಿಂದ ಜಮಖಂಡಿಗೆ ಬಸ್ಸಿನಲ್ಲಿ ಹೋಗುವಾಗ ಕಿಟಕಿಯಿಂದ ನೋಡಿ. ಜೋಳ ಹುಡುಕಿದರೂ ಸಿಗುವುದು ಕಷ್ಟ. ಎರಡೂ ಬದಿಗೆ ಕಬ್ಬು.

ಘಟಪ್ರಭಾ ಕಾಲುವೆಯ ನೀರು ಮುಧೋಳದ ಕಡೆಯ ಹೊಲಗಳಿಗೆ ಬಂತು. ಕೃಷ್ಣೆಯ ದಂಡೆಯ ರೈತರಿಗೆ ನದಿ ಕಣ್ಣೆದುರಿಗೇ ಹರಿಯುತ್ತಿದ್ದರೂ ಬೇಸಿಗೆಯಲ್ಲಿ ನೀರಿಲ್ಲ. ಸರಕಾರಕ್ಕಾಗಿ ಕಾದು ಬೇಸತ್ತ ಜಮಖಂಡಿ ತಾಲ್ಲೂಕಿನ ರೈತರು ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ತಾವೇ ಹಣ ಕೂಡಿಸಿ, ಮೈಮುರಿದು ದುಡಿದು, ಚಿಕ್ಕಪಡಸಲಗಿಯ ಬಳಿ 1989ರಲ್ಲಿ ಬ್ಯಾರೇಜು ಕಟ್ಟಿದರು. ಅದಕ್ಕೆ ‘ಶ್ರಮಬಿಂದು ಸಾಗರ’ ಎಂಬ ಹೆಸರೂ ಬಂತು, ನ್ಯಾಮಗೌಡರಿಗೆ ‘ಬ್ಯಾರೇಜ್ ಸಿದ್ದು’ ಎಂಬ ಹೆಸರೂ ಬಂತು. 1991ರ ಲೋಕಸಭಾ ಚುನಾವಣೆಯಲ್ಲಿ ಅವರು ರಾಮಕೃಷ್ಣ ಹೆಗಡೆಯವರನ್ನೇ ಸೋಲಿಸಿದ್ದು ಆ ಕಾಲದ ದೊಡ್ಡ ಸುದ್ದಿ. ನೀರು ಬಂದ ಮೇಲೆ ಒಣಬೇಸಾಯದ ಜೋಳ ಯಾರಿಗೆ ಬೇಕು? ಸಮೀರವಾಡಿಯ ಕಾರ್ಖಾನೆ, ಆಮೇಲೆ ಒಂದರ ಹಿಂದೊಂದು ಸಕ್ಕರೆ ಕಾರ್ಖಾನೆಗಳು. ಮಹಾಲಿಂಗಪುರದ ಬೆಲ್ಲದ ಪೇಟೆ. ರೈತನ ಮನೆಗೆ ಮೇಲ್ಛಾವಣಿ ಬಂತು, ಮಕ್ಕಳು ಓದಿದರು. ಇದನ್ನು ತಪ್ಪೆನ್ನಲು ನಾನು ಯಾರು?

ಒಂದು ಮಾತು ಮಾತ್ರ ಹೇಳಬೇಕು. ಈ ಊರುಗಳ ಖಾನಾವಳಿಯ ರೊಟ್ಟಿಗೆ ಬೇಕಾದ ಜೋಳಕ್ಕೆ ಈಗ ಹೆಚ್ಚಾಗಿ ಕೃಷ್ಣೆಯ ಆಚೆಯ ವಿಜಯಪುರದ ಕಡೆಗೇ ನೋಡಬೇಕು. ಅಲ್ಲಿನ ಬಿಳಿಜೋಳ, ಅದರಲ್ಲೂ ‘ಮಾಲದಂಡಿ’ ಎಂಬ ಹಳೆಯ ತಳಿ, ರೊಟ್ಟಿಗೆ ಹೆಸರಾದದ್ದು. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ಅಂತರರಾಷ್ಟ್ರೀಯ ವರ್ಷವೆಂದು ಆಚರಿಸಿತು. ಪಟ್ಟಣದವರು ಜೋಳದ ಗುಣಗಾನ ಮಾಡತೊಡಗಿದರು. ಜೋಳವನ್ನೇ ಉಂಡು ಬೆಳೆದ ಊರುಗಳಲ್ಲಿ ಗೋಧಿ ಚಪಾತಿ ಆ ವರ್ಷವೂ ತನ್ನ ಪಾಡಿಗೆ ತಾನು ಹೆಚ್ಚುತ್ತಲೇ ಇತ್ತು.

ಕಾರಣ ಬರೀ ರುಚಿಯಲ್ಲ, ಕೆಲಸ. ಗೋಧಿ ಹಿಟ್ಟಿನಲ್ಲಿ ಗ್ಲುಟೆನ್ ಎಂಬ ಅಂಟು ಇದೆ. ಎಳೆದರೆ ಹಿಗ್ಗುತ್ತದೆ, ಲಟ್ಟಣಿಗೆಗೆ ಒಗ್ಗುತ್ತದೆ. ಜೋಳಕ್ಕೆ ಆ ಅಂಟಿಲ್ಲ. ಅದಕ್ಕೇ ಕುದಿಯುವ ನೀರು ಹಾಕಿ ಹಿಟ್ಟಿನ ಪಿಷ್ಟವನ್ನು ಅರ್ಧ ಬೇಯಿಸಿ, ಆ ಜಿಗಿಯ ಮೇಲೆ ನಾದಬೇಕು. ನಾದಿದ ಮೇಲೆ ಲಟ್ಟಿಸುವುದಲ್ಲ, ಬಡಿಯುವುದು. ಅಂಗೈ ಒತ್ತಿದರೆ ಹರಿಯುತ್ತದೆ, ಒತ್ತದಿದ್ದರೆ ದಪ್ಪವಾಗುತ್ತದೆ. ಬಡಿಯುತ್ತಲೇ ತಿರುಗಿಸುತ್ತಿರಬೇಕು. ಹಂಚಿನ ಮೇಲೆ ಹಾಕಿದೊಡನೆ ಒದ್ದೆ ಬಟ್ಟೆಯಿಂದ ಮೇಲ್ಮೈಗೆ ನೀರು ಸವರಬೇಕು, ತಡವಾದರೆ ಬಿರುಕು. ಹಿಟ್ಟು ಹಳೆಯದಾದರೆ ಜಿಗಿ ಹೋಗುತ್ತದೆ, ಆಗ ಎಂಥ ಕೈಯೂ ಸೋಲುತ್ತದೆ. ಇದನ್ನೆಲ್ಲ ಬೆಂಕಿಯ ಮುಂದೆ ಕುಳಿತು ದಿನಕ್ಕೆ ನೂರಾರು ಸಲ ಮಾಡುವವರು ಹೆಂಗಸರು. ಗಲ್ಲೆಯ ಮೇಲೆ ಗಂಡಸು ಕುಳಿತಿದ್ದರೂ ಖಾನಾವಳಿಯ ಹೆಸರು ನಿಂತಿರುವುದು ಒಳಗೆ ಹೊಗೆಯಲ್ಲಿ ಕುಳಿತ ಆ ಅವ್ವನ ಕೈಮೇಲೆ.

ಜಮಖಂಡಿಯಲ್ಲಿ ನಾನು ಉಣ್ಣುವ ಕಡೆ ಅಂಥ ಒಬ್ಬ ಅವ್ವ ಇದ್ದಾರೆ. ‘ನಿಮ್ಮ ಸೊಸಿಗೆ ಕಲಿಸಿರೇನ್ರಿ ಅವ್ವಾರ?’ ಎಂದು ಕೇಳಿದೆ. ‘ಅಕೀಗ್ಯಾಕ ಈ ಉರಿ? ಅಕಿ ಸಾಲಿ ಕಲ್ತಾಳ’ ಎಂದರು. ಹೇಳುವಾಗ ಬೇಸರವಿರಲಿಲ್ಲ, ಸ್ವಲ್ಪ ಹೆಮ್ಮೆಯೇ ಇತ್ತು. ರುಚಿಯ ಬಗ್ಗೆ ಬರೆಯಲು ಹೊರಟ ನನಗೆ ಆಮೇಲೆ ಏನು ಕೇಳಬೇಕೆಂದು ತಿಳಿಯಲಿಲ್ಲ. ರೊಟ್ಟಿ ಮಾಡುವ ಯಂತ್ರಗಳು ಬಂದಿವೆ. ಖಡಕ್ ರೊಟ್ಟಿಗೆ ಅವು ಸಾಕು. ಸ್ವಸಹಾಯ ಸಂಘಗಳು ಪ್ಯಾಕೆಟ್ ಮಾಡಿ ಮಾರುತ್ತಿವೆ, ಅದರಿಂದ ಎಷ್ಟೋ ಮನೆ ನಡೆದಿವೆ. ಹಂಚಿನಿಂದ ಇಳಿದು ನೇರ ತಾಟಿಗೆ ಬೀಳುವ ಬಿಸಿ ರೊಟ್ಟಿಯ ಮಾತು ಬೇರೆ.

ಇನ್ನು ಯಾವ ಊರಿನಲ್ಲಿ ಏನು? ಅಂಗಡಿಗಳ ಹೆಸರು ಬರೆಯುವುದಿಲ್ಲ. ಇವತ್ತು ಇದ್ದ ಕೈ ನಾಳೆ ಇರುವುದಿಲ್ಲ, ಬೋರ್ಡು ಮಾತ್ರ ಉಳಿದಿರುತ್ತದೆ. ಜಮಖಂಡಿ, ಮುಧೋಳಗಳಲ್ಲಿ ಬಸ್ ನಿಲ್ದಾಣ, ಕೋರ್ಟು, ಹಳೆಯ ಪೇಟೆಯ ಸುತ್ತ ಹುಡುಕಿ. ವಕೀಲರ ಗುಮಾಸ್ತರನ್ನು ಕೇಳಿದರೆ ಉತ್ತಮ. ಅವರು ದಿನಾ ಹೊರಗೆ ಉಣ್ಣುವವರು, ಸುಳ್ಳು ಹೇಳುವುದಿಲ್ಲ. ಪಟವರ್ಧನರ ಕಾಲದ ಮರಾಠಿ ಸಹವಾಸ ಜಮಖಂಡಿಯ ಬಾಯಲ್ಲಿ ಇನ್ನೂ ಉಳಿದಿದೆ. ಸಂಜೆ ಮಿಸಳ, ವಡಾಪಾವ್ ಸಿಗುತ್ತವೆ. ಹಬ್ಬದ ದಿನಗಳಲ್ಲಿ ಹೋದರೆ ಹೋಳಿಗೆ, ಜೊತೆಗೆ ಕಟ್ಟಿನ ಸಾರು. ಬೆಲ್ಲದ ನಾಡಾದ್ದರಿಂದ ಹೋಳಿಗೆಗೆ ಕೈ ಬಿಗಿಹಿಡಿಯುವುದಿಲ್ಲ.

ರಬಕವಿ-ಬನಹಟ್ಟಿ ನೇಕಾರರ ಅವಳಿ ಊರು. ಮಗ್ಗದ ಸದ್ದು ಇರುವ ಓಣಿಗಳಲ್ಲಿ ಹಗಲು ಊಟದ ಅಂಗಡಿಗೆ ಗಿರಾಕಿ ಕಡಿಮೆ, ಏಕೆಂದರೆ ನೇಕಾರನ ಕೆಲಸವೂ ಮನೆಯಲ್ಲೇ ಊಟವೂ ಮನೆಯಲ್ಲೇ. ಸಂಜೆಗೆ ಮಾತ್ರ ಗಿರ್ಮಿಟ್, ಮಿರ್ಚಿ ಭಜಿ, ಚುರುಮುರಿ ಗಾಡಿಗಳ ಸುತ್ತ ಜನ. ಚುರುಮುರಿಗೆ ಉಳ್ಳಾಗಡ್ಡಿ, ಹುಣಸೆಹುಳಿಯ ಒಗ್ಗರಣೆ ಕಲಸಿ, ಪುಟಾಣಿ ಹಿಟ್ಟು ಉದುರಿಸಿ ಕೊಡುವುದು ಗಿರ್ಮಿಟ್. ಕಲಸಿದ ಕೂಡಲೆ ತಿನ್ನಬೇಕು, ಮಾತಾಡುತ್ತ ನಿಂತರೆ ಮೆತ್ತಗಾಗುತ್ತದೆ.

ಮಾಂಸದೂಟ ಬೇಕೆನ್ನುವವರಿಗೆ ಉತ್ತರ ಕರ್ನಾಟಕದ ಉತ್ತರ ಸಾವಜಿ ಖಾನಾವಳಿ. ಇದೂ ನೇಕಾರರ ಕೊಡುಗೆಯೇ. ಸೋಮವಂಶ ಸಹಸ್ರಾರ್ಜುನ ಕ್ಷತ್ರಿಯರು, ಅಂದರೆ ಎಸ್‌ಎಸ್‌ಕೆ ಸಮಾಜದವರು, ರೇಷ್ಮೆ ನೇಯ್ಗೆಯವರು. ಗದಗ-ಬೆಟಗೇರಿ, ಹುಬ್ಬಳ್ಳಿ, ಬಾಗಲಕೋಟೆಯ ಕಡೆ ಇವರ ಅಡಿಗೆ ಹೆಸರುವಾಸಿ. ಕೆಂಪಗೆ ಎಣ್ಣೆ ತೇಲುವ ಮಟನ್ ಸಾರು, ಖೀಮಾ ಉಂಡಿ, ಜೊತೆಗೆ ಅದೇ ಜೋಳದ ರೊಟ್ಟಿ. ದೂರದ ನಾಗಪುರದಲ್ಲೂ ಸಾವಜಿ ಎಂಬ ಹೆಸರಿನ ಖಾರದ ಊಟವಿದೆ, ಅಲ್ಲಿಯೂ ಅದು ನೇಕಾರರದೇ. ಹೊಸಬರು ಮೊದಲ ತುತ್ತಿಗೇ ನೀರು ಕುಡಿಯಬಾರದು. ಖಾರ ಇನ್ನೂ ಏರುತ್ತದೆ. ಮೊಸರು ತರಿಸಿಕೊಳ್ಳಿ. ಶ್ರಾವಣದಲ್ಲಿ ಮಾಂಸ ಬಿಡುವವರು ಬಹಳ, ಆ ತಿಂಗಳು ವಿಚಾರಿಸಿ ಹೋಗುವುದು ಮೇಲು.

ಬೀಳಗಿ ಈ ನಾಲ್ಕರಲ್ಲಿ ಚಿಕ್ಕದು. ಉತ್ತರ ಕನ್ನಡದ ಸಿದ್ದಾಪುರದ ಬಳಿಯ ಬಿಳಗಿ, ಬಸದಿಯದ್ದು, ಬೇರೆ, ಗೊಂದಲ ಬೇಡ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಈ ತಾಲ್ಲೂಕಿನ ಎಷ್ಟೋ ಹಳ್ಳಿಗಳನ್ನು ಎಬ್ಬಿಸಿತು. ಇಲ್ಲಿಗೆ ಬಂದವರು ಇನ್ನಷ್ಟು ದೂರ ಹೋಗಿ ಕೊರ್ತಿಯ ಬಳಿ ಕೃಷ್ಣೆಯ ಉದ್ದನೆಯ ಸೇತುವೆ ದಾಟಿ ಕೊಲ್ಹಾರಕ್ಕೆ ಹೋಗಬೇಕು. ಅದು ವಿಜಯಪುರ ಜಿಲ್ಲೆ. ಕೊಲ್ಹಾರದ ಮೊಸರು ಪ್ರಸಿದ್ಧ. ಮಣ್ಣಿನ ಗಡಿಗೆಯಲ್ಲಿ ಹೆಪ್ಪು ಹಾಕಿದ್ದು, ಮಣ್ಣು ನೀರನ್ನು ಹೀರಿಕೊಂಡು ಗಟ್ಟಿಯಾಗುತ್ತದೆ. ಗಡಿಗೆ ಬೋರಲು ಹಾಕಿದರೂ ಬೀಳುವುದಿಲ್ಲ ಎಂದು ಮಾರುವವರು ಹೇಳುತ್ತಾರೆ, ಕೆಲವರು ಮಾಡಿಯೂ ತೋರಿಸುತ್ತಾರೆ. ಹಳೆಯ ಕೊಲ್ಹಾರ ನೀರಿನಡಿಗೆ ಹೋಯಿತು. ಊರಿನವರು ಹೊಸ ಜಾಗಕ್ಕೆ ಬಂದರು, ಮೊಸರಿನ ಹೆಸರನ್ನೂ ಹೊತ್ತು ತಂದರು.

ಯಾವಾಗ ಬರಬೇಕು? ನನ್ನ ಮಟ್ಟಿಗೆ ಡಿಸೆಂಬರ್-ಜನವರಿ. ಎಳೆಯ ಜೋಳದ ತೆನೆ ಸುಟ್ಟು, ಕೈಯಲ್ಲಿ ತಿಕ್ಕಿ ಕಾಳು ಬಿಡಿಸಿ, ಬೆಲ್ಲ-ಶೇಂಗಾ ಚಟ್ನಿಯ ಜೊತೆ ತಿನ್ನುವ ಸೀತನಿಯ ಕಾಲವದು. ಎಳ್ಳು ಅಮವಾಸ್ಯೆಗೆ ರೈತರು ಹೊಲಕ್ಕೆ ಹೋಗಿ ಚರಗ ಚೆಲ್ಲಿ ಅಲ್ಲೇ ಉಣ್ಣುತ್ತಾರೆ. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಕಡುಬು. ಪರಿಚಯದವರೊಬ್ಬರಿದ್ದರೆ ಸಾಕು, ಪರಿಚಯವಿಲ್ಲದವರನ್ನೂ ಕೂರಿಸಿಯಾರು. ಅದೇ ಪುಷ್ಯದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿ ಜಾತ್ರೆ. ಅಲ್ಲಿ ಗುಡಿಯ ಅಂಗಳದಲ್ಲಿ ಬುಟ್ಟಿ ಹೊತ್ತ ಹೆಂಗಸರು ನಿಮ್ಮ ಹಿಂದೆಯೇ ಬರುತ್ತಾರೆ: ‘ರೊಟ್ಟಿ ಉಣ್ತೀರೇನ್ರಿ?’ ಕಟ್ಟೆಯ ಮೇಲೆ ಕುಳಿತರೆ ರೊಟ್ಟಿ, ಪಲ್ಯ, ಚಟ್ನಿ, ಗಡಿಗೆ ಮೊಸರು. ಬೋರ್ಡಿಲ್ಲ, ಗೋಡೆಯಿಲ್ಲ. ಅದಕ್ಕಿಂತ ಸಣ್ಣ ಖಾನಾವಳಿ ಇರಲಾರದು.

ಹೊತ್ತಿನ ವಿಷಯ ಮರೆಯಬೇಡಿ. ಮಧ್ಯಾಹ್ನ ಎರಡೂವರೆಯೊಳಗೆ ಖಾನಾವಳಿ ಸೇರಿಕೊಳ್ಳಿ. ಆಮೇಲೆ ಹೋದರೆ ಒಲೆ ತಣ್ಣಗಾಗಿರುತ್ತದೆ, ರೊಟ್ಟಿ ಬಡಿಯುವ ಅವ್ವ ಕೈ ತೊಳೆದು ಮನೆಗೆ ಹೊರಟಿರುತ್ತಾರೆ. ಗಲ್ಲೆಯ ಮೇಲಿನವರು ತಲೆ ಎತ್ತದೆಯೇ ಹೇಳುತ್ತಾರೆ: ‘ರೊಟ್ಟಿ ಮುಗದಾವ್ರಿ. ಚಪಾತಿ ಐತಿ, ಹಾಕ್ಲೇನ್ರಿ?’